ಕಾಡಿನ ನಡುವಿನ ಊರು, ಲೆಕ್ಕಕ್ಕೆ ಸಿಗದ ಮರಗಳು

ದಾಂಡೇಲಿಯ ಟಿಂಬರ್ ಡಿಪೋ ಪಕ್ಷಿಪ್ರಿಯರಿಗೆಲ್ಲ ಗೊತ್ತು. ಉತ್ತರ ಕನ್ನಡದ ಕಾಡಿನಿಂದ ಬಂದ ಸಾಗವಾನಿ, ಮತ್ತಿ, ನಂದಿ ದಿಮ್ಮಿಗಳು ಹರಾಜಿಗೆ ಕಾಯುತ್ತ ಬಿದ್ದಿರುವ ಜಾಗ ಅದು. ಆ ದಿಮ್ಮಿಗಳ ರಾಶಿಯ ಆಚೀಚೆ ಇನ್ನೂ ಜೀವಂತವಾಗಿ ನಿಂತಿರುವ ಮರಗಳ ಮೇಲೆ ಮಂಗಟ್ಟೆ ಹಕ್ಕಿಗಳು ಬಂದು ಕೂರುತ್ತವೆ. ಬೆನ್ನಿಗೆ ಕ್ಯಾಮೆರಾ ಹೊತ್ತು ಬೆಂಗಳೂರಿನಿಂದ, ಪುಣೆಯಿಂದ ಬಂದವರು ಕಾಡಿನೊಳಗೆ ಗಂಟೆಗಟ್ಟಲೆ ಅಲೆದರೂ ಕಾಣದ ಹಕ್ಕಿ ಊರಿನ ಅಂಚಿನಲ್ಲೇ ಕಣ್ಣಿಗೆ ಬೀಳುತ್ತದೆ. ಊರು ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂಬ ಗಡಿ ಆ ಹಕ್ಕಿಗೆ ಇಲ್ಲ. ಅದಕ್ಕೆ ಬೇಕಾದದ್ದು ಹಣ್ಣು ಬಿಡುವ ಆಲ, ಬಸರಿ, ಅತ್ತಿ ಮತ್ತು ಪೊಟರೆ ಇರುವ ಹಳೆಯ ದೊಡ್ಡ ಮರ.

ಹೆಣ್ಣು ಮಂಗಟ್ಟೆ ಬೇಸಿಗೆಗೆ ಮೊದಲು ಪೊಟರೆಯೊಳಗೆ ಹೊಕ್ಕು, ಅದರ ಬಾಯನ್ನು ತಾನೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸಂದು ಮಾತ್ರ ಉಳಿಯುತ್ತದೆ. ಮೊಟ್ಟೆ ಒಡೆದು ಮರಿ ಬಲಿಯುವ ತನಕ ಗಂಡು ಹೊರಗಿನಿಂದ ಹಣ್ಣು ತಂದು ಆ ಸಂದಿಯಲ್ಲಿ ಉಣಿಸಬೇಕು. ಅಷ್ಟು ದೊಡ್ಡ ಪೊಟರೆ ಮೂಡಲು ಮರಕ್ಕೆ ಎಷ್ಟೋ ದಶಕ ಬೇಕು. ದಾಂಡೇಲಿ ಸುತ್ತಲಿನ ಕಾಡಿನಲ್ಲಿ ಮಂಗಟ್ಟೆಯ ನಾಲ್ಕು ಜಾತಿಗಳಿವೆ. ಅವುಗಳಿಗಾಗಿಯೇ 2011ರಲ್ಲಿ 52.50 ಚದರ ಕಿಲೋಮೀಟರ್ ಪ್ರದೇಶವನ್ನು ದಾಂಡೇಲಿ ಮಂಗಟ್ಟೆ ಸಂರಕ್ಷಣಾ ಮೀಸಲು ಎಂದು ಸರ್ಕಾರ ಘೋಷಿಸಿತು. ಆ ಗಡಿಯೊಳಗಿನ ಮರಕ್ಕೆ ಗಾರ್ಡ್ ಇದ್ದಾನೆ, ಬೀಟ್ ಇದೆ, ನಕಾಶೆ ಇದೆ, ಕೊಡಲಿ ಬಿದ್ದರೆ ಕೇಸು ಇದೆ. ಅದೇ ಹಕ್ಕಿ ಹಾರಿ ಬಂದು ಹಣ್ಣು ತಿನ್ನುವ, ಬಸ್ ನಿಲ್ದಾಣದ ಪಕ್ಕದ ಬಸರಿ ಮರಕ್ಕೆ ಇವು ಯಾವುವೂ ಇಲ್ಲ.

ಕಾಡಿನ ನಡುವೆ ಕೂತ ಊರುಗಳ ವಿಚಿತ್ರ ಸಂಕಟ ಇದು. ಸುತ್ತ ಇಷ್ಟೊಂದು ಹಸಿರಿರುವಾಗ ಬೀದಿಯ ನಾಲ್ಕು ಮರಗಳ ಚಿಂತೆ ಯಾಕೆ ಎಂಬ ಭಾವನೆ ಜನರಲ್ಲೂ ಇದೆ, ಕಚೇರಿಗಳಲ್ಲೂ ಇದೆ. ಬಯಲುಸೀಮೆಯ ಪಟ್ಟಣದಲ್ಲಿ ಒಂದು ಬೇವಿನ ಮರ ಉರುಳಿದರೆ ಓಣಿಗೆ ಓಣಿಯೇ ಬಿಸಿಲಿಗೆ ಬೀಳುತ್ತದೆ, ಎಲ್ಲರಿಗೂ ತಿಳಿಯುತ್ತದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಲ್ಲಿ ಊರೊಳಗಿನ ಮರಗಳು ಒಂದೊಂದಾಗಿ ಕಡಿಮೆಯಾದರೂ ಕಣ್ಣಿಗೆ ದೂರದ ಗುಡ್ಡದ ಹಸಿರು ಕಾಣುತ್ತಲೇ ಇರುತ್ತದೆ. ಆದರೆ ಮಾರ್ಚ್ ತಿಂಗಳ ಮಧ್ಯಾಹ್ನ ಶಾಲೆಯಿಂದ ಮನೆಗೆ ನಡೆಯುವ ಹುಡುಗಿಗೆ ಆ ಗುಡ್ಡದ ನೆರಳು ತಾಗುವುದಿಲ್ಲ.

ದಾಂಡೇಲಿ ಹುಟ್ಟಿ ಬೆಳೆದದ್ದೇ ಮರದಿಂದ. ಅಳ್ನಾವರದಿಂದ ಇಲ್ಲಿಗೆ ರೈಲು ಹಳಿ ಹಾಕಿದ್ದು ಕಾಡಿನ ಮಾಲನ್ನು ಹೊರಗೆ ಸಾಗಿಸಲು. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಪ್ಲೈವುಡ್ ಕಾರ್ಖಾನೆಯೂ ಇಲ್ಲಿತ್ತು. ಮರು ವರ್ಷ, 1956ರಲ್ಲಿ, ಪಕ್ಕದ ಕಾಡು ವನ್ಯಜೀವಿ ಧಾಮವಾಯಿತು. ಅದು 2007ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನದೊಂದಿಗೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎನಿಸಿಕೊಂಡಿತು. ಕೆಲಸ ಅರಸಿ ಎಲ್ಲೆಲ್ಲಿಂದಲೋ ಬಂದವರು ಕಾಳಿ ನದಿಯ ದಂಡೆಯಲ್ಲಿ ನೆಲೆಸಿ, 2011ರ ಜನಗಣತಿಯ ವೇಳೆಗೆ ಊರಿನ ಜನಸಂಖ್ಯೆ 52 ಸಾವಿರ ದಾಟಿತ್ತು. ಮನುಷ್ಯರನ್ನು ಎಣಿಸುವ ವ್ಯವಸ್ಥೆ ಹತ್ತು ವರ್ಷಕ್ಕೊಮ್ಮೆ ಮನೆ ಬಾಗಿಲಿಗೆ ಬರುತ್ತಿತ್ತು. ಊರಿನ ಮರಗಳನ್ನು ಎಣಿಸಬೇಕೆಂದು ಕಾನೂನು ಹೇಳಿ ಸುಮಾರು ಅರ್ಧ ಶತಮಾನವೇ ಆಗಿದೆ.

ಆ ಕಾನೂನು 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ. ಮರ ಕಡಿಯಲು ಅನುಮತಿ ಬೇಕು ಎಂಬುದನ್ನಷ್ಟೇ ಜನ ಅದರಿಂದ ತಿಳಿದಿದ್ದಾರೆ. ಕಾಯ್ದೆ ಅದಕ್ಕಿಂತ ದೊಡ್ಡ ಕನಸು ಕಂಡಿತ್ತು. ಪ್ರತಿ ನಗರ ಪ್ರದೇಶಕ್ಕೂ ಒಂದು ವೃಕ್ಷ ಪ್ರಾಧಿಕಾರ, ಅದರ ಕೈಕೆಳಗೆ ವೃಕ್ಷ ಅಧಿಕಾರಿ. ಇರುವ ಮರಗಳ ಗಣತಿ ಮಾಡುವುದು, ಬೇಕಾದರೆ ಜಾಗದ ಮಾಲೀಕರಿಂದ ಮರಗಳ ಲೆಕ್ಕ ಬರೆಸಿಕೊಳ್ಳುವುದು, ಯಾವ ಬಡಾವಣೆಯಲ್ಲಿ ಎಂಥ ಮರ ಎಷ್ಟಿರಬೇಕೆಂದು ಗೊತ್ತುಪಡಿಸುವುದು, ಸಸಿ ಬೆಳೆಸಿ ಹಂಚುವುದು, ರಸ್ತೆ ಅಗಲ ಮಾಡುವಾಗ ಮರಗಳನ್ನು ಬೇರೆಡೆ ನೆಡಿಸುವುದು, ಸರ್ಕಾರಿ ಇಲಾಖೆಗಳ ಕಾಮಗಾರಿ ಪ್ರಸ್ತಾವಗಳನ್ನು ಮರಗಳ ದೃಷ್ಟಿಯಿಂದ ಪರಿಶೀಲಿಸುವುದು: ಇವೆಲ್ಲ ಪ್ರಾಧಿಕಾರದ ಕರ್ತವ್ಯಗಳ ಪಟ್ಟಿಯಲ್ಲಿವೆ. ಓದುತ್ತ ಹೋದರೆ ಒಂದು ಊರು ತನ್ನ ಮರಗಳನ್ನು ಹೇಗೆ ನೋಡಿಕೊಳ್ಳಬೇಕೆಂಬ ಪೂರ್ತಿ ಪಾಠ ಅಲ್ಲೇ ಇದೆ ಅನಿಸುತ್ತದೆ. ನಡೆಯುತ್ತಿರುವುದು ಮಾತ್ರ ಬಹುಮಟ್ಟಿಗೆ ಅದರ ಒಂದೇ ತುಂಡು, ಅಂದರೆ ಕಡಿಯುವ ಅರ್ಜಿಯ ವಿಲೇವಾರಿ.

ಅರ್ಜಿಯ ದಾರಿ ಹೀಗಿದೆ. ಮರ ಕಡಿಯಬೇಕಾದವರು ಅರಣ್ಯ ಇಲಾಖೆಗೆ ಕಾರಣ ಬರೆದು ಕೊಡಬೇಕು. ಇಲಾಖೆಯವರು ಸ್ಥಳಕ್ಕೆ ಬಂದು ನೋಡುತ್ತಾರೆ. ಮರ ಒಣಗಿದ್ದರೆ, ರೋಗ ಹಿಡಿದಿದ್ದರೆ, ಗಾಳಿಗೆ ಬಿದ್ದಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ತಂದಿದ್ದರೆ, ವಾಹನ ಸಂಚಾರಕ್ಕೆ ಅಡ್ಡವಾಗಿದ್ದರೆ ಅನುಮತಿ ನಿರಾಕರಿಸುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ತೆಂಗು, ರಬ್ಬರ್ ಮುಂತಾದವಕ್ಕೆ ಅನುಮತಿಯೇ ಬೇಡ. ಕಡಿದ ಮೇಲೆ ಬದಲಿಗೆ ಸಸಿ ನೆಡುವ ಷರತ್ತೂ ಇದೆ. ಐವತ್ತಕ್ಕಿಂತ ಹೆಚ್ಚು ಮರ ಉರುಳುವ ಕಾಮಗಾರಿಯಾದರೆ ಸಾರ್ವಜನಿಕರಿಗೆ ತಿಳಿಸಿ ಆಕ್ಷೇಪಣೆ ಕೇಳಬೇಕು.

ಆ ಐವತ್ತರ ಗೆರೆ ಸಣ್ಣ ಊರಿಗೆ ತುಂಬ ಎತ್ತರ. ಮೈಸೂರಿನ ಹೈದರ್ ಅಲಿ ರಸ್ತೆಯಲ್ಲಿ 2025ರ ಏಪ್ರಿಲ್‌ನಲ್ಲಿ ರಸ್ತೆ ಅಗಲೀಕರಣಕ್ಕೆಂದು 40 ಮರಗಳು ಉರುಳಿದಾಗ ಜನ ಬೀದಿಗಿಳಿದರು, ಬುಡಗಳ ಮುಂದೆ ಶೋಕಾಚರಣೆ ನಡೆಯಿತು. ಮೈಸೂರಿನಂಥ ಮಹಾನಗರದಲ್ಲೇ ಒಂದು ಇಡೀ ರಸ್ತೆಯ ನೆರಳು ಆ ಗೆರೆಯ ಕೆಳಗೆ ಕಣ್ಮರೆಯಾಗಬಹುದಾದರೆ ಹಳಿಯಾಳದ ಪೇಟೆಬೀದಿಯ ಹನ್ನೆರಡು ಮರಗಳ ಮಾತೇನು? ಅಷ್ಟು ಮರ ಹೋದರೆ ಆ ಬೀದಿಯಲ್ಲಿ ಉಳಿಯುವುದು ಏನೂ ಇಲ್ಲ. ಆದರೂ ಒಂದು ನೋಟಿಸನ್ನೂ ಗೋಡೆಗೆ ಅಂಟಿಸಬೇಕಾಗಿಲ್ಲ. ಊರಿನ ಗಾತ್ರಕ್ಕೆ ತಕ್ಕಂತೆ ಈ ಸಂಖ್ಯೆ ಇಳಿಯಬೇಕು ಎಂದು ಕೇಳುವುದು ನ್ಯಾಯವಾದ ಬೇಡಿಕೆ.

ಇದಕ್ಕೆ ತದ್ವಿರುದ್ಧ ಚಿತ್ರ ಇದೇ ಸೀಮೆಯ ಪಶ್ಚಿಮದ ತುದಿಯಲ್ಲಿದೆ. ಗೋವಾ ಗಡಿಯ ಕ್ಯಾಸಲ್‌ರಾಕ್ ಜೋಯಿಡಾ ತಾಲೂಕಿನ ಪುಟ್ಟ ಊರು. ಪೋರ್ಚುಗೀಸ್ ಗೋವಾದ ರೈಲು ಮತ್ತು ಬ್ರಿಟಿಷ್ ಇಂಡಿಯಾದ ರೈಲು ಕೂಡುತ್ತಿದ್ದ ನಿಲ್ದಾಣ. ಅಲ್ಲಿಂದ ಕೆಳಗೆ ಘಟ್ಟ ಇಳಿಯುವ ಹಳಿಯನ್ನು ಜೋಡಿ ಮಾರ್ಗ ಮಾಡುವ ಯೋಜನೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವನ್ನೂ ಗೋವಾದ ಭಗವಾನ್ ಮಹಾವೀರ ಅಭಯಾರಣ್ಯವನ್ನೂ ಹಾದು ಹೋಗಬೇಕಿತ್ತು. ಸುಪ್ರೀಂ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ 2021ರಲ್ಲಿ ಇದಕ್ಕೆ ಕೊಟ್ಟ ಅನುಮತಿ ಹಿಂಪಡೆಯಲು ಶಿಫಾರಸು ಮಾಡಿತು. 2022ರ ಮೇ ತಿಂಗಳಲ್ಲಿ ಕೋರ್ಟು ಕ್ಯಾಸಲ್‌ರಾಕ್‌ನಿಂದ ಗೋವಾದ ಕುಲೆಮ್‌ವರೆಗಿನ ಜೋಡಿ ಮಾರ್ಗಕ್ಕೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ನೀಡಿದ್ದ ಒಪ್ಪಿಗೆಯನ್ನು ರದ್ದು ಮಾಡಿತು. ಪರಿಣಾಮಗಳನ್ನು ಸರಿಯಾಗಿ ಅಧ್ಯಯನ ಮಾಡಿ ಹೊಸದಾಗಿ ಬನ್ನಿ ಎಂಬ ದಾರಿಯನ್ನು ಮಾತ್ರ ರೈಲ್ವೆಗೆ ಉಳಿಸಿತು.

ಕ್ಯಾಸಲ್‌ರಾಕ್‌ನ ಇಳಿಜಾರಿನ ಮರಗಳ ಪರ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ವಾದ ನಡೆಯಿತು. ಅದು ಸಾಧ್ಯವಾದದ್ದು ಆ ಮರಗಳು ದಾಖಲೆಯಲ್ಲಿ ಇದ್ದುದರಿಂದ. ಯಾವ ಕಾಡು, ಎಷ್ಟು ಹೆಕ್ಟೇರು, ಯಾವ ಪ್ರಾಣಿಗಳ ಓಡಾಟ ಎಂಬುದೆಲ್ಲ ಕಾಗದದ ಮೇಲಿತ್ತು. ಊರಿನ ಮರಕ್ಕೆ ಇಲ್ಲದಿರುವುದು ಆ ಕಾಗದ.

ಮೇಲಾಗಿ ಊರಿನ ಮರಕ್ಕೆ ಒಡೆಯರು ಹಲವರು. ದಾಂಡೇಲಿಗೆ ನಗರಸಭೆ, ಹಳಿಯಾಳಕ್ಕೆ ಪುರಸಭೆ, ಮುಂಡಗೋಡಕ್ಕೆ ಪಟ್ಟಣ ಪಂಚಾಯಿತಿ. ಜೋಯಿಡಾ ತಾಲೂಕು ಕೇಂದ್ರವಾದರೂ ಅಲ್ಲಿರುವುದು ಗ್ರಾಮ ಪಂಚಾಯಿತಿ. ಮರ ನಿಂತ ನೆಲ ಸ್ಥಳೀಯ ಸಂಸ್ಥೆಯದೋ ಲೋಕೋಪಯೋಗಿ ಇಲಾಖೆಯದೋ ಆಗಿರುತ್ತದೆ. ಕಡಿಯಲು ಅನುಮತಿ ಕೊಡುವುದು ಅರಣ್ಯ ಇಲಾಖೆ. ಪ್ರತಿ ಮಳೆಗಾಲಕ್ಕೆ ಮುಂಚೆ ಕೊಂಬೆ ಕತ್ತರಿಸುವುದು ವಿದ್ಯುತ್ ಕಂಪನಿ ಹೆಸ್ಕಾಂ. ಬುಡದಲ್ಲಿ ಅಗೆಯುವುದು ನೀರಿನ ಪೈಪಿನವರು, ಒಳಚರಂಡಿಯವರು, ಕೇಬಲ್‌ನವರು. ಕಾಂಡಕ್ಕೆ ಮೊಳೆ ಹೊಡೆದು ಜಾಹೀರಾತು ಕಟ್ಟುವವರಿಗೆ ಯಾರ ಅನುಮತಿಯೂ ಬೇಕಾಗಿಲ್ಲವೆಂಬಂತಿದೆ. 74ನೇ ಸಂವಿಧಾನ ತಿದ್ದುಪಡಿ ಪಟ್ಟಿ ಮಾಡಿದ ನಗರಾಡಳಿತದ ಹದಿನೆಂಟು ಹೊಣೆಗಳಲ್ಲಿ ನಗರ ಅರಣ್ಯವೂ ಒಂದು. ಆದರೆ ಆ ಹೊಣೆಗೆ ಒಬ್ಬ ನೌಕರನನ್ನೂ ಪ್ರತ್ಯೇಕವಾಗಿ ಇಟ್ಟುಕೊಳ್ಳುವ ಶಕ್ತಿ ಸಣ್ಣ ಪಟ್ಟಣದ ಬಜೆಟ್ಟಿಗೆ ಕಡಿಮೆ.

ಹಾಗಾಗಿ ಊರಿನ ದೊಡ್ಡ ಮರ ಒಂದೇ ದಿನ ಕೊಡಲಿಗೆ ಬಲಿಯಾಗುವುದು ಅಪರೂಪ. ಅದು ನಿಧಾನವಾಗಿ, ಹತ್ತಾರು ವರ್ಷಗಳಲ್ಲಿ, ಎಲ್ಲರ ಕಣ್ಣೆದುರಿಗೇ ಸಾಯುತ್ತದೆ.

ಮೊದಲು ಬುಡಕ್ಕೆ ಸಿಮೆಂಟು ಬೀಳುತ್ತದೆ. ಹೊಸ ಫುಟ್‌ಪಾತ್ ಅಥವಾ ಪೇವರ್ಸ್ ಹಾಸುವಾಗ ಕಾಂಡಕ್ಕೆ ತಾಗುವಂತೆಯೇ ಮುಚ್ಚಿಬಿಡುತ್ತಾರೆ. ಮರದ ನೀರು ಹೀರುವ ಎಳೆಬೇರುಗಳು ಬಹುಪಾಲು ಇರುವುದು ಮೇಲ್ಮಣ್ಣಿನ ಎರಡು ಮೂರು ಅಡಿಯಲ್ಲಿ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಎರಡೂ ನಿಂತಾಗ ಬೇರು ಕೊಳೆಯುತ್ತದೆ, ಮೇಲೆ ಎಲೆ ಮಾತ್ರ ಇನ್ನೂ ಕೆಲವು ವರ್ಷ ಹಸಿರಾಗಿಯೇ ಇರುತ್ತದೆ. ದೆಹಲಿಯ ಮರಗಳ ಬಗ್ಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರ ಏಪ್ರಿಲ್‌ನಲ್ಲಿ ಒಂದು ಆದೇಶ ಕೊಟ್ಟಿತು: ಮರದ ಸುತ್ತ ಒಂದು ಮೀಟರಿನೊಳಗೆ ಇರುವ ಕಾಂಕ್ರೀಟು ತೆಗೆಯಬೇಕು, ಮೊಳೆ, ಫಲಕ, ತಂತಿಗಳನ್ನು ಕಿತ್ತುಹಾಕಬೇಕು. ಗುತ್ತಿಗೆದಾರನಿಗೆ ಕೊಡುವ ಕಾಮಗಾರಿ ಆದೇಶದಲ್ಲೇ ಆ ಒಂದು ಮೀಟರಿನ ಸಾಲನ್ನು ಸೇರಿಸಲು ಯಾವ ನಗರಸಭೆಗೂ ಹೆಚ್ಚಿನ ಹಣ ಬೇಕಾಗಿಲ್ಲ.

ಎರಡನೆಯದು ಗಟಾರ. ಜೆಸಿಬಿ ಹಲ್ಲು ಹಾಯಿಸಿ ರಸ್ತೆಯ ಒಂದು ಬದಿಯಲ್ಲಿ ನೇರ ಕಾಲುವೆ ತೋಡಿದಾಗ ಆ ಬದಿಯ ಆಧಾರಬೇರುಗಳೆಲ್ಲ ತುಂಡಾಗುತ್ತವೆ. ಮರ ಮೂರು ಕಾಲಿನ ಮಂಚದಂತೆ ನಿಂತಿರುತ್ತದೆ. ಜೂನ್–ಜುಲೈಯಲ್ಲಿ ಮಣ್ಣು ನೆನೆದು, ಘಟ್ಟದ ಗಾಳಿ ಎದ್ದ ಒಂದು ರಾತ್ರಿ ಬುಡಸಮೇತ ಮಗುಚುತ್ತದೆ. ಬಿದ್ದ ಮರದ ಬಗ್ಗೆ ಮರುದಿನ ಬರುವ ಸುದ್ದಿಯಲ್ಲಿ ಗಾಳಿಮಳೆಯ ಹೆಸರಿರುತ್ತದೆ, ಎರಡು ವರ್ಷದ ಹಿಂದಿನ ಗಟಾರದ ಹೆಸರು ಇರುವುದಿಲ್ಲ. ಜೀವಹಾನಿ ಆದಾಗಲಂತೂ ಉಳಿದ ಗಟ್ಟಿ ಮರಗಳ ಮೇಲೂ ಅಪಾಯದ ಹಣೆಪಟ್ಟಿ ಬಿದ್ದು ಕಡಿಯುವ ಅರ್ಜಿಗಳು ಸಾಲುಗಟ್ಟುತ್ತವೆ.

ಮೂರನೆಯದು ತಲೆ ಕಡಿಯುವುದು. ವಿದ್ಯುತ್ ತಂತಿಗೆ ತಾಗುವ ಕೊಂಬೆಯನ್ನು ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಮಳೆಗಾಲದಲ್ಲಿ ಕಂಬ ಹತ್ತುವ ಲೈನ್‌ಮನ್‌ನ ಜೀವದ ಪ್ರಶ್ನೆ ಅದು. ತೆಗೆಯುವ ರೀತಿಯಲ್ಲಿ ಮಾತ್ರ ಜಾಣತನ ಬೇಕು. ಕೊಂಬೆ ಕಾಂಡವನ್ನು ಸೇರುವಲ್ಲಿ ಉಬ್ಬಿದ ಒಂದು ಬಳೆಯಿರುತ್ತದೆ. ಗಾಯ ಮಾಯಿಸುವ ಜೀವಕೋಶಗಳು ಇರುವುದು ಅಲ್ಲಿ. ಆ ಬಳೆಯನ್ನು ಉಳಿಸಿ ಅದರ ಹೊರಗಡೆ ಕತ್ತರಿಸಿದರೆ ಮರ ತಾನಾಗಿ ಗಾಯ ಮುಚ್ಚಿಕೊಳ್ಳುತ್ತದೆ. ದೊಡ್ಡ ಕೊಂಬೆಯಾದರೆ ಮೊದಲು ಕೆಳಗಿನಿಂದ ಸ್ವಲ್ಪ ಕೊರೆದು, ಆಮೇಲೆ ಅದರಾಚೆ ಮೇಲಿನಿಂದ ಕತ್ತರಿಸಿ, ಕೊನೆಗೆ ಉಳಿದ ಮೋಟನ್ನು ಬಳೆಯ ಪಕ್ಕದಲ್ಲಿ ತೆಗೆಯಬೇಕು. ಹಾಗೆ ಮಾಡದೆ ಒಂದೇ ಏಟಿಗೆ ಮೇಲಿನಿಂದ ಕಡಿದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನೂ ಸಿಗಿದು ಕೊಂಡೊಯ್ಯುತ್ತದೆ. ನೆತ್ತಿಯನ್ನೇ ಬೋಳಿಸಿದರೆ ಮರ ಗಾಬರಿಬಿದ್ದು ಗೊಂಚಲುಗೊಂಚಲಾಗಿ ಚಿಗುರು ಬಿಡುತ್ತದೆ. ಅವು ತೊಗಟೆಯ ಮೇಲ್ಪದರಕ್ಕೆ ಅಂಟಿಕೊಂಡ ಬಲವಿಲ್ಲದ ಕೊಂಬೆಗಳಾಗಿ ಬೆಳೆಯುತ್ತವೆ. ಕೆಲವೇ ವರ್ಷಗಳಲ್ಲಿ ಅವೇ ಮತ್ತೆ ತಂತಿಯ ಮೇಲೆ ಮುರಿದು ಬೀಳುತ್ತವೆ. ಹೆಸ್ಕಾಂ ಸಿಬ್ಬಂದಿಗೆ ಒಂದು ದಿನದ ತರಬೇತಿ ಅರಣ್ಯ ಇಲಾಖೆಯಿಂದ ಸಿಕ್ಕರೆ ಮರವೂ ಉಳಿಯುತ್ತದೆ, ವರ್ಷವರ್ಷ ಅದೇ ಕೊಂಬೆ ಕಡಿಯುವ ಖರ್ಚೂ ತಗ್ಗುತ್ತದೆ.

ಒಳ್ಳೆಯ ಉದ್ದೇಶದ ಆರೈಕೆಯೂ ಮರಕ್ಕೆ ಕೇಡಾಗಬಲ್ಲದೆಂಬುದಕ್ಕೆ ಈ ಕಾಡಿನಲ್ಲೇ ದೊಡ್ಡ ಸಾಕ್ಷಿಯಿದೆ. ಕಾಗದದ ಕಾರ್ಖಾನೆಗೆಂದು ಇಲ್ಲಿಯ ಬಿದಿರು ಮೊದಮೊದಲು ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ ಹೋಗುತ್ತಿತ್ತು. ಬಿದಿರು ಬೇಗ ಬೇಗ ಖಾಲಿಯಾಗತೊಡಗಿದಾಗ, 1970ರ ದಶಕದಲ್ಲಿ, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಕಾರಣ ಹುಡುಕಲು ಬಂದರು. ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ಸವರಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂಬುದು ಅಧಿಕೃತ ನಂಬಿಕೆಯಾಗಿತ್ತು. ಹಳ್ಳಿಯವರು ಹೇಳಿದ್ದು ಬೇರೆ. ಮುಳ್ಳು ತೆಗೆದ ಮೇಲೆ ಕಳಲೆಯನ್ನು ದನ, ಮಂಗ, ಮುಳ್ಳುಹಂದಿಗಳು ತಿಂದು ಮುಗಿಸುತ್ತವೆ ಎಂದರು. ಅಧ್ಯಯನ ಮಾಡಿ ನೋಡಿದರೆ ಹಳ್ಳಿಯವರ ಮಾತೇ ನಿಜವಾಗಿತ್ತು. ಇಲಾಖೆಯ ದಾಖಲೆಯಲ್ಲಿದ್ದ ಬಿದಿರಿನ ಅಂದಾಜೂ ವಾಸ್ತವಕ್ಕಿಂತ ಬಹಳ ಹೆಚ್ಚಾಗಿತ್ತು.

ಯಾವ ಮರ ನೆಡಬೇಕು ಎಂಬಲ್ಲಿಯೂ ಸ್ಥಳೀಯರ ತಿಳಿವಳಿಕೆಗೆ ಬೆಲೆ ಸಿಗಬೇಕು. ಕೆ.ಎಂ. ಮುನ್ಶಿಯವರು 1950ರಲ್ಲಿ ವನಮಹೋತ್ಸವ ಆರಂಭಿಸಿದಾಗಿನಿಂದ ಪ್ರತಿ ಜುಲೈಯಲ್ಲಿ ಗುಂಡಿ ತೋಡಿ ಸಸಿ ಇಡುವುದು ರೂಢಿ. ಬೇಗ ಬೆಳೆದು ಹೂ ಬಿಡುವ ಗುಲ್‌ಮೊಹರ್, ಮಳೆಮರಗಳು ಪಟ್ಟಣಗಳಲ್ಲಿ ತುಂಬಿಕೊಂಡದ್ದು ಹಾಗೆ. ಗುಲ್‌ಮೊಹರಿನ ಕೊಂಬೆ ಪೆಳಸು, ಬೇರು ಮೇಲ್ಮೇಲೆ, ಮಲೆನಾಡ ಅಂಚಿನ ಗಾಳಿಮಳೆಗೆ ಅದು ತಡೆಯುವುದಿಲ್ಲ. ಇಲ್ಲಿಯ ಕಾಡಿನಲ್ಲೇ ಬೆಳೆಯುವ ಹೊಳೆದಾಸವಾಳ, ಹೊನ್ನೆ, ನೇರಳೆ, ಕಕ್ಕೆ, ನದಿ ದಂಡೆಗೆ ಹೊಳೆಮತ್ತಿ, ಜಾಗ ವಿಶಾಲವಾಗಿದ್ದಲ್ಲಿ ಆಲ–ಬಸರಿ: ಆಯ್ಕೆಗೆ ಬರವೇ ಇಲ್ಲ. ಫ್ರಾಂಕ್ ಸಾಂತಾಮೂರ್ ಎಂಬ ಅಮೆರಿಕದ ಸಸ್ಯವಿಜ್ಞಾನಿ 1990ರಲ್ಲಿ ನಗರಗಳಿಗೊಂದು ಸೂತ್ರ ಕೊಟ್ಟರು. ಊರಿನ ಮರಗಳಲ್ಲಿ ಒಂದೇ ಜಾತಿಯದು ನೂರಕ್ಕೆ ಹತ್ತನ್ನು, ಒಂದೇ ಕುಲದ್ದು ಇಪ್ಪತ್ತನ್ನು, ಒಂದೇ ಕುಟುಂಬದ್ದು ಮೂವತ್ತನ್ನು ಮೀರಬಾರದು. ಆಗ ಒಂದು ರೋಗ ಬಂದರೆ ಊರೇ ಬೋಳಾಗುವುದಿಲ್ಲ.

ಸಸಿ ನೆಟ್ಟವರ ಹೆಸರನ್ನು ನೆನೆಯುವುದಾದರೆ ಈ ಜಿಲ್ಲೆಗೆ ಮೊದಲು ಬರುವ ಹೆಸರು ಅಂಕೋಲಾ ತಾಲೂಕು ಹೊನ್ನಳ್ಳಿಯ ತುಳಸಿ ಗೌಡರದು. ಹಾಲಕ್ಕಿ ಒಕ್ಕಲಿಗ ಸಮುದಾಯದ ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಯಾಗಿ ಸೇರಿ ಬಾಳೆಲ್ಲ ಬೀಜದ ಜೊತೆ ಕಳೆದರು. ಯಾವ ತಾಯಿಮರದ ಬೀಜ ಯಾವಾಗ ಆರಿಸಬೇಕೆಂಬುದು ಅವರ ಬೆರಳ ತುದಿಯಲ್ಲಿತ್ತು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರಿತ್ತು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಸಸಿ ನೆಡುವುದಕ್ಕಿಂತ ಹೆಚ್ಚಿನ ಶ್ರಮ ನಂತರದ ಮೂರು ಬೇಸಿಗೆ ದಾಟಿಸುವುದರಲ್ಲಿದೆ ಎಂಬುದು ನರ್ಸರಿಯಲ್ಲಿ ದುಡಿದವರಿಗೆಲ್ಲ ಗೊತ್ತು. ಆದರೆ ನೆಟ್ಟ ಸಂಖ್ಯೆ ವರದಿಗೆ ಹೋಗುವಷ್ಟು ಸುಲಭವಾಗಿ ಬದುಕಿದ ಸಂಖ್ಯೆ ಹೋಗುವುದಿಲ್ಲ.

ಗಣತಿಯ ಮಾತಿಗೆ ಬಂದರೆ, ಪಕ್ಕದ ಮಹಾರಾಷ್ಟ್ರ ಒಂದು ಹೆಜ್ಜೆ ಮುಂದಿದೆ. ಅಲ್ಲಿಯ 1975ರ ನಗರ ಮರಗಳ ಕಾಯ್ದೆ ಐದು ವರ್ಷಕ್ಕೊಮ್ಮೆ ಗಣತಿ ಆಗಬೇಕೆನ್ನುತ್ತದೆ. 2021ರ ತಿದ್ದುಪಡಿ ಐವತ್ತು ವರ್ಷ ದಾಟಿದ ಮರವನ್ನು ಪಾರಂಪರಿಕ ವೃಕ್ಷವೆಂದು ಗುರುತಿಸಿ, ಅದನ್ನು ಕಡಿದರೆ ಅದರ ವಯಸ್ಸಿನಷ್ಟು ಸಸಿ ನೆಡಬೇಕೆಂದಿತು. ಕಾಕತಾಳೀಯವೆಂಬಂತೆ, ನಮ್ಮ ಕಾಯ್ದೆ ಬಂದ 1976ರಲ್ಲೇ ಅಮೆರಿಕದಲ್ಲಿ ಊರುಗಳಿಗೆ ವೃಕ್ಷನಗರಿ ಎಂಬ ಮನ್ನಣೆ ಕೊಡುವ ಪದ್ಧತಿ ಶುರುವಾಯಿತು. ಅದಕ್ಕೆ ನಾಲ್ಕೇ ಷರತ್ತು: ಮರಗಳಿಗೆ ಹೊಣೆಯಾದ ಒಂದು ಮಂಡಳಿ, ಮರಗಳ ಬಗ್ಗೆ ಸ್ಥಳೀಯ ನಿಯಮ, ತಲೆಗೆ ಎರಡು ಡಾಲರಿನಷ್ಟು ಬಜೆಟ್, ವರ್ಷಕ್ಕೊಂದು ವೃಕ್ಷದಿನ. ಅದರ ಜಾಗತಿಕ ರೂಪದಲ್ಲಿ ಭಾರತದಿಂದ ಮೊದಲು ಮನ್ನಣೆ ಪಡೆದದ್ದು ಹೈದರಾಬಾದ್. ದಾಂಡೇಲಿಯ ಗಾತ್ರದ ಊರಿಗೆ ಇಂಥ ಕೆಲಸ ಹೈದರಾಬಾದಿಗಿಂತ ಸುಲಭ. ಒಂದೊಂದು ವಾರ್ಡನ್ನು ಒಂದೊಂದು ಪ್ರೌಢಶಾಲೆಯ ಮಕ್ಕಳು, ಬಂಗೂರನಗರದ ಕಾಲೇಜಿನ ವಿದ್ಯಾರ್ಥಿಗಳು ಹಂಚಿಕೊಳ್ಳಬಹುದು. ಮರದ ಹೆಸರು, ಎದೆಮಟ್ಟದಲ್ಲಿ ಕಾಂಡದ ಸುತ್ತಳತೆ, ನಿಂತ ಜಾಗ, ಬುಡ ಸಿಮೆಂಟೋ ಮಣ್ಣೋ, ಪೊಟರೆ ಇದೆಯೋ ಇಲ್ಲವೋ ಎಂಬ ಐದು ಕಾಲಮ್ಮಿನ ಪಟ್ಟಿಗೆ ಒಂದು ಅಳತೆ ಟೇಪು, ಒಂದು ಮೊಬೈಲು ಸಾಕು. ಮರ ಗುರುತಿಸಿ ಕೊಡಲು ನಿವೃತ್ತ ಫಾರೆಸ್ಟರುಗಳು ಈ ಸೀಮೆಯಲ್ಲಿ ಎಷ್ಟು ಬೇಕಾದರೂ ಸಿಗುತ್ತಾರೆ.

ಆ ಪಟ್ಟಿಗೆ ಕಾನೂನಿನ ಬಲ ಕೊಡುವ ಜಾಗವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ, ಅದು ನಗರಸಭೆಯಾಗಿರಲಿ ಗ್ರಾಮ ಪಂಚಾಯಿತಿಯಾಗಿರಲಿ, ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಿ ಜನತಾ ಜೀವವೈವಿಧ್ಯ ದಾಖಲಾತಿ ಬರೆಸಬೇಕು. ಊರಿನ ಹಳೆಯ ಮರಗಳ ಪಟ್ಟಿ ಅದರೊಳಗೆ ಸೇರಿದರೆ ಮುಂದೆ ರಸ್ತೆ ಎಂಜಿನಿಯರ್ ಮೇಜಿನ ಮೇಲೆ ಇಡಲು ಒಂದು ಕಾಗದ ಸಿಕ್ಕಂತಾಯಿತು.

ಗುರುತು ಸಿಕ್ಕ ಮರಕ್ಕೆ ಏನಾಗುತ್ತದೆ ಎಂಬುದನ್ನು ಮುಂಡಗೋಡಕ್ಕೆ ಹತ್ತಿರದ ಸವಣೂರು ತೋರಿಸಿಕೊಟ್ಟಿದೆ. ಅಲ್ಲಿಯ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಮೂರು ಭಾರಿ ಗಾತ್ರದ ಬಾವೊಬಾಬ್ ಮರಗಳಿದ್ದವು. ಮೂಲ ಆಫ್ರಿಕದ್ದಾದರೂ ಊರಿನವರ ಬಾಯಲ್ಲಿ ಅವು ದೊಡ್ಡ ಹುಣಸೆ. ಮಠದ ಹೆಸರೇ ಮರದಿಂದ ಬಂದದ್ದು. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬುಡ ಕಳಚಿ ಉರುಳಿತು. ಬೇರೆ ಮರವಾಗಿದ್ದರೆ ಸಂಜೆಯೊಳಗೆ ತುಂಡಾಗುತ್ತಿತ್ತು. ಮಠ, ಅಧಿಕಾರಿಗಳು, ಪರಿಸರ ಕಾರ್ಯಕರ್ತರು ಸೇರಿ ಯಂತ್ರಗಳಿಂದ ಅದನ್ನೆತ್ತಿ ಮತ್ತೆ ನೆಟ್ಟರು, ಮರ ಮತ್ತೆ ಚಿಗುರಿತು.

ಅಷ್ಟು ಪ್ರಸಿದ್ಧಿ ಎಲ್ಲ ಮರಕ್ಕೂ ಬರುವುದಿಲ್ಲ. ಹಾಗೆಂದು ಸಾಮಾನ್ಯ ನಾಗರಿಕರ ಕೈ ಖಾಲಿಯೇನೂ ಇಲ್ಲ. ಹತ್ತು ರೂಪಾಯಿ ಶುಲ್ಕ ಕಟ್ಟಿ, ಒಂದೇ ವಿಷಯ, 150 ಪದಗಳ ಮಿತಿಯೊಳಗೆ ಮಾಹಿತಿ ಹಕ್ಕಿನ ಅರ್ಜಿ ಬರೆಯಬಹುದು. ಕಳೆದ ಐದು ವರ್ಷದಲ್ಲಿ ಪಟ್ಟಣದ ವ್ಯಾಪ್ತಿಯಲ್ಲಿ ಎಷ್ಟು ಮರ ಕಡಿಯಲು ಅನುಮತಿ ಕೊಡಲಾಗಿದೆ, ಬದಲಿಗೆ ಎಷ್ಟು ಸಸಿ ಎಲ್ಲಿ ನೆಡಲಾಗಿದೆ, ಅವುಗಳಲ್ಲಿ ಬದುಕಿರುವವು ಎಷ್ಟು ಎಂದು ಅರಣ್ಯ ಇಲಾಖೆಯನ್ನು ಕೇಳಬಹುದು. ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸದಸ್ಯರು ಯಾರು, ಕೊನೆಯ ಸಭೆ ಯಾವಾಗ ನಡೆಯಿತು ಎಂದು ಇನ್ನೊಂದು ಅರ್ಜಿಯಲ್ಲಿ ನಗರಸಭೆಯನ್ನು ಕೇಳಬಹುದು. ಮೂವತ್ತು ದಿನದೊಳಗೆ ಉತ್ತರ ಬರಬೇಕು.